ಎಂಟನೇ ಮಹಡಿಯ ರೋಮ್

ನಾನು ರೋಮ್ ನೋಡಿದ್ದೇನೆ. ಎಷ್ಟು ದಿನ ಇದ್ದಿರಿ ಎಂದು ಯಾರಾದರೂ ಕೇಳಿದರೆ ಒಂದು ಗಂಟೆ ಐವತ್ತು ನಿಮಿಷ, ಊಟವೂ ಸೇರಿ ಎನ್ನುತ್ತೇನೆ. ವಿಮಾನ ಎಲ್ಲಿಂದ ಹತ್ತಿದಿರಿ ಎಂದರೆ ಟೋಕಿಯೊದ ಇಕೆಬುಕುರೊ ಸ್ಟೇಷನ್ನಿನಿಂದ ಸ್ವಲ್ಪ ದೂರ ನಡೆದರೆ ಸಿಗುವ ಕಟ್ಟಡವೊಂದರ ಎಂಟನೇ ಮಹಡಿಯಿಂದ. ಲಿಫ್ಟಿನಲ್ಲಿ ಹೋಗಬೇಕು. ಏಳನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರಿದ್ದಾರೆ, ತಪ್ಪಿ ಅಲ್ಲಿಳಿದರೆ ರೋಮ್ ಸಿಗುವುದಿಲ್ಲ.

ಅಸಲಿ ರೋಮಿಗೆ ಹೋಗುವ ಏರ್ಪಾಡೂ ಆಗಿತ್ತು, ಸುಳ್ಳು ಹೇಳಬಾರದು. 2020ರ ಜನವರಿ ಕೊನೆಯಲ್ಲಿ ನಮ್ಮ ಅತ್ತೆ ಮೈಸೂರಿನಿಂದ ಟೋಕಿಯೊಗೆ, ನಿಶಿ ಕಸಾಯಿಯ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಬಂದಿಳಿದರು. ಮಾವ ತೀರಿಕೊಂಡು ಎಂಟು ವರ್ಷವಾಗಿತ್ತು. ಮೊಮ್ಮಗಳ ಜೊತೆ ಎರಡು ತಿಂಗಳು ಕಳೆಯುವುದು, ಏಪ್ರಿಲ್‌ನಲ್ಲಿ ನಾವು ನಾಲ್ವರೂ ರೋಮ್ ನೋಡುವುದು, ಅಲ್ಲಿಂದಲೇ ಅವರು ಬೆಂಗಳೂರಿನ ವಿಮಾನ ಹತ್ತುವುದು ಎಂದು ತೀರ್ಮಾನವಾಗಿತ್ತು. ಅತ್ತೆಗೆ ರೋಮ್ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ. ಅವರ ಭಜನಾ ಮಂಡಳಿಯ ಒಬ್ಬರು ಹನ್ನೆರಡು ದಿನದಲ್ಲಿ ಒಂಬತ್ತು ದೇಶ ತೋರಿಸುವ ಟೂರಿಗೆ ಹೋಗಿಬಂದಾಗಿನಿಂದ ಪ್ರತಿ ಮಾತನ್ನೂ "ನಾವು ರೋಮಲ್ಲಿದ್ದಾಗ" ಎಂದೇ ಶುರು ಮಾಡುತ್ತಿದ್ದರಂತೆ. ಆಕೆ ಅಲ್ಲಿದ್ದದ್ದು ಒಂದು ಮಧ್ಯಾಹ್ನ. ಅದರ ವರದಿ ಮಾತ್ರ ನಾಲ್ಕು ವರ್ಷದಿಂದ ಮುಗಿದಿರಲಿಲ್ಲ. ಆ ಬಾಯಿ ಮುಚ್ಚಿಸಲು ಅತ್ತೆಗೆ ಒಂದು ಸ್ವಂತ ರೋಮ್ ಬೇಕಾಗಿತ್ತು.

ನಮ್ಮ ಯಜಮಾನರು ಸಾಫ್ಟ್‌ವೇರ್‌ನವರು, ಪ್ರವಾಸವೆಂದರೆ ಅವರಿಗೆ ಎಕ್ಸೆಲ್ ಶೀಟು. ಟ್ರೆವಿ ಕಾರಂಜಿಗೆ ಇಪ್ಪತ್ತೈದು ನಿಮಿಷ, ನಾಣ್ಯ ಎಸೆಯುವುದೂ ಸೇರಿ. ಕೊಲೊಸಿಯಂಗೆ ಎರಡು ಗಂಟೆ. ಅಮ್ಮನ ಮಂಡಿನೋವಿಗೆ ಹಸಿರು ಬಣ್ಣದ ಬೇರೆ ಕಾಲಮ್ಮು. ಎರಡು ಸಾವಿರ ವರ್ಷದಿಂದ ಅಲ್ಲೇ ಬಿದ್ದಿರುವ ಕಲ್ಲುಗಳು ಇವರ ವೇಳಾಪಟ್ಟಿಯನ್ನು ತಪ್ಪದೆ ಪಾಲಿಸಲಿವೆ ಎಂಬ ನಂಬಿಕೆ ಅವರಿಗಿತ್ತು. ಕಲ್ಲುಗಳೇನೋ ಪಾಲಿಸುತ್ತಿದ್ದವು. ಕೊರೊನಾ ಪಾಲಿಸಲಿಲ್ಲ.

ಮಾರ್ಚ್ ಮುಗಿಯುವಷ್ಟರಲ್ಲಿ ರೋಮೂ ಇಲ್ಲ, ಬೆಂಗಳೂರೂ ಇಲ್ಲ ಎಂದಾಯಿತು. ಜಪಾನಿನಲ್ಲಿ ಸರ್ಕಾರ ಮನೆಯಲ್ಲಿರಿ ಎಂದು ಗದರಿಸಲಿಲ್ಲ, ಇದ್ದರೆ ದೊಡ್ಡ ಉಪಕಾರವಾಗುತ್ತದೆ ಎಂದು ಕೇಳಿಕೊಂಡಿತು. ಇಲ್ಲಿ ಕೇಳಿಕೊಂಡರೆ ಸಾಕು, ಕೇಳದವರನ್ನು ಅಕ್ಕಪಕ್ಕದವರು ನೋಡಿಕೊಳ್ಳುತ್ತಾರೆ. ಮಗಳ ನರ್ಸರಿಯವರೂ ಹಾಗೆಯೇ ಬಗ್ಗಿ ಬಗ್ಗಿ, ಸಾಧ್ಯವಾದರೆ ಮಗುವನ್ನು ಕಳಿಸಬೇಡಿ ಎಂದು ಚೀಟಿ ಕೊಟ್ಟರು. ಯಜಮಾನರ ಆಫೀಸು ಮನೆಗೆ ಬಂತು. ಹಾಸಿಗೆ ಮಡಚಿಡುವ ಗೋಡೆ ಕಪಾಟಿನ ನಡುವಿನ ಹಲಗೆಯನ್ನೇ ಮೇಜು ಮಾಡಿಕೊಂಡು, ತಲೆ ಒಳಗೆ ಬೆನ್ನು ಹೊರಗೆ ಇಟ್ಟು, ಇಡೀ ದಿನ ಯಾವುದೋ ಸಾನ್‌ಗೆ, ಅಂದರೆ ಜಪಾನಿ ಸಾಹೇಬರಿಗೆ, ಕ್ಷಮೆ ಕೇಳುತ್ತ ಕೂತಿರುತ್ತಿದ್ದರು. ಬೆನ್ನೊಂದನ್ನೇ ನೋಡಿ ಸಂಸಾರ ಮಾಡುವುದು ನನಗೆ ಆ ವರ್ಷ ರೂಢಿಯಾಯಿತು.

ಆ ಗಲಾಟೆಯಲ್ಲೇ ನನಗೊಂದು ಕೆಲಸ ಸಿಕ್ಕಿತು. ಐದು ವರ್ಷ ಗೃಹಿಣಿ ಎಂದು ಫಾರಂ ತುಂಬಿ ಬೇಸತ್ತವಳಿಗೆ, ಮನೆಯಿಂದಲೇ ಮಾಡುವ ಟೆಸ್ಟಿಂಗ್ ಕೆಲಸ, ಆರು ತಿಂಗಳ ಪ್ರೊಬೇಷನ್. ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್. ಇನ್ನೊಂದು ಕೋಣೆಯಲ್ಲಿ ಅತ್ತೆ ನಾಲ್ಕು ವರ್ಷದ ಮೊಮ್ಮಗಳಿಗೆ ಕಥೆ ಹೇಳುವುದು, ಅನ್ನ ಕಲೆಸಿ ತಿನ್ನಿಸುವುದು, ಅವಳಿಂದ ಜಪಾನಿ ಭಾಷೆಯಲ್ಲಿ ಬೈಸಿಕೊಳ್ಳುವುದು. ಸಿಕ್ಕಿಹಾಕಿಕೊಂಡ ಅತ್ತೆಯಂಥ ಅನುಕೂಲ ಇನ್ನೊಂದಿಲ್ಲ. ಈ ಮಾತನ್ನು ಆಗ ನಾನು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ.

ಅತ್ತೆಗೆ ಮನೆಗೆ ಹೋಗಬೇಕಿತ್ತು. ಮನೆಗಿಂತ ಹೆಚ್ಚಾಗಿ ಅಕ್ಕನ ಹತ್ತಿರ ಹೋಗಬೇಕಿತ್ತು. ಅಕ್ಕ ಎಂದರೆ ಅವರಿಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವರು, ತಾಯಿ ಹೋದ ಮೇಲೆ ಇವರಿಗೆ ಜಡೆ ಹೆಣೆದು, ಬೈದು, ಓದಿಸಿ ಬೆಳೆಸಿದವರು. ಮೈಸೂರಿನಲ್ಲೇ ಮಗ ಸೊಸೆಯ ಜೊತೆ ಇದ್ದ ಅವರಿಗೆ ಹಿಂದಿನ ವರ್ಷದಿಂದ ಮರೆವಿನ ಕಾಯಿಲೆ ಶುರುವಾಗಿತ್ತು. ಮೊದಲು ಗ್ಯಾಸ್ ಆರಿಸುವುದು ಮರೆತರು, ಆಮೇಲೆ ವಾರ, ಆಮೇಲೆ ಜೊತೆಗಿದ್ದ ಸೊಸೆ. ಡಾಕ್ಟರು ಇದು ಹೀಗೇ ಮುಂದುವರಿಯುತ್ತದೆ ಎಂದಿದ್ದರು.

"ಅಕ್ಕ ನನ್ನ ಮರೆಯೋದ್ರೊಳಗೆ ನಾನು ಅಲ್ಲಿರ್ಬೇಕು ಕಣೋ" ಎಂದು ಅತ್ತೆ ಮಗನ ಬೆನ್ನಿಗೆ ಹೇಳುತ್ತಿದ್ದರು.

"ಆಯ್ತಮ್ಮ, ರಿಜಿಸ್ಟರ್ ಮಾಡಿದ್ದೀನಿ, ಲಿಸ್ಟಲ್ಲಿ ಹೆಸರು ಬಂದ ತಕ್ಷಣ ಕಳಿಸ್ತೀನಿ" ಎಂದು ಬೆನ್ನು ಉತ್ತರ ಕೊಡುತ್ತಿತ್ತು.

ದಿನಾ ಮಧ್ಯಾಹ್ನ ಮೂರೂವರೆಗೆ, ಮೈಸೂರಿನ ಹನ್ನೆರಡಕ್ಕೆ, ಅಕ್ಕತಂಗಿಯರ ವಿಡಿಯೊ ಕಾಲ್. ಜೂನ್‌ವರೆಗೂ ದೊಡ್ಡಮ್ಮ ತಂಗಿಯನ್ನು ನೋಡಿದೊಡನೆ ಗುರುತು ಹಿಡಿದು ಬೈಯುತ್ತಿದ್ದರು. "ಎಷ್ಟು ದಿನ ಸೊಸೆ ಮನೇಲಿ ಬಿದ್ದಿರ್ತೀಯೆ? ಮಾನ ಮರ್ಯಾದೆ ಇಲ್ವಾ? ಎದ್ದು ಬಾ" ಎನ್ನುವ ದನಿ ಊಟದ ಮೇಜಿನವರೆಗೂ ಕೇಳುತ್ತಿತ್ತು. ಅತ್ತೆ ಬೈಸಿಕೊಂಡು ಎಷ್ಟು ಖುಷಿಯಾಗಿ ಏಳುತ್ತಿದ್ದರೆಂದರೆ ಆ ಸಂಜೆ ಖಂಡಿತ ಏನಾದರೂ ಕರಿದ ತಿಂಡಿ ಇರುತ್ತಿತ್ತು.

ಜೂನ್‌ನಲ್ಲಿ ರಾಯಭಾರ ಕಚೇರಿಯಿಂದ ಫೋನ್ ಬಂತು. ದೆಹಲಿಗೆ ಹೋಗುವ ವಿಶೇಷ ವಿಮಾನದಲ್ಲಿ ಅತ್ತೆಗೆ ಸೀಟಿದೆ, ನಾಳೆ ಮಧ್ಯಾಹ್ನದೊಳಗೆ ತಿಳಿಸಿ ಎಂದರು. ಅತ್ತೆ ಮಗುವನ್ನು ಕರೆದುಕೊಂಡು ಪಾರ್ಕಿಗೆ ಹೋಗಿದ್ದರು. ಆದರೂ ನಾವಿಬ್ಬರು ಅಡುಗೆಮನೆಗೆ ಹೋಗಿ, ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡು ಮಾತಾಡಿದೆವು. ಕಳ್ಳತನದ ಮೊದಲ ಲಕ್ಷಣ ಅದೇ ಇರಬೇಕು.

"ದೆಹಲೀಲಿ ಏಳು ದಿನ ಹೋಟೆಲ್ ಕ್ವಾರಂಟೈನ್. ಅಮ್ಮಂಗೆ ಹಿಂದಿ ಬರಲ್ಲ. ಬಿಪಿ ಬೇರೆ. ಫ್ಲೈಟಲ್ಲೇ ಯಾರಿಗಾದ್ರೂ ಇದ್ರೆ? ಟೂ ಮಚ್ ರಿಸ್ಕ್ ಕಣೆ" ಎಂದರು ಇವರು. ಒಂದೊಂದೂ ನಿಜವಾದ ಕಾರಣ. ಮನುಷ್ಯನಿಗೆ ತಪ್ಪು ಮಾಡಲು ಬೇಕಾದಾಗ ಒಳ್ಳೆಯ ಕಾರಣಗಳಿಗೇನು ಬರ.

ನನ್ನ ತಲೆಯಲ್ಲಿದ್ದದ್ದು ಬೇರೆ. ನರ್ಸರಿ ಇನ್ನೂ ಅರ್ಧ ದಿನ ಮಾತ್ರ. ನನ್ನ ಪ್ರೊಬೇಷನ್ ಮುಗಿಯಲು ನಾಲ್ಕು ತಿಂಗಳು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮಹಾ ಪತಿವ್ರತೆಯಂತೆ ತಲೆ ತಗ್ಗಿಸಿ "ನಿಮ್ಮಿಷ್ಟ ರೀ" ಎಂದೆ. ನಮ್ಮ ಕಡೆ ಹೆಂಗಸರು ಬೇಕಾದ್ದನ್ನೆಲ್ಲ ಸಾಧಿಸಿಕೊಂಡು ಹೆಸರು ಮಾತ್ರ ಗಂಡನ ತಲೆಗೆ ಕಟ್ಟುವುದು ಇದೇ ಒಂದು ಪದದಿಂದ.

ಅವರು ರಾಯಭಾರ ಕಚೇರಿಗೆ ಫೋನ್ ಮಾಡಿ, ಈ ಸಲ ಬೇಡ, ನಮಗಿಂತ ಅವಸರ ಇದ್ದವರಿಗೆ ಕೊಡಿ ಎಂದು ಜಪಾನಿ ಶೈಲಿಯ ತ್ಯಾಗ ಮಾಡಿದರು. ಅದೇ ದೊಡ್ಡ ಮನಸ್ಸಿನಲ್ಲಿ, ತಾಯಿಯನ್ನು ಕಳಿಸಲು ಒದ್ದಾಡುತ್ತಿದ್ದ ದಾವಣಗೆರೆಯ ಸಹೋದ್ಯೋಗಿಗೂ ಫೋನ್ ಮಾಡಿ, ಒಂದು ಸೀಟು ಬಿಟ್ಟಿದ್ದೇವೆ, ಕೂಡಲೇ ವಿಚಾರಿಸು ಎಂದರು. ಅತ್ತೆಗೆ ಮಾತ್ರ "ಲಿಸ್ಟಲ್ಲಿ ಹೆಸರು ಬರ್ಲಿಲ್ಲಮ್ಮ" ಎಂದರು. ಅತ್ತೆ "ಹೋಗ್ಲಿ ಬಿಡು, ಮುಂದಿನ್ ಸಲ ಬರತ್ತೆ" ಎಂದು ಮಗನಿಗೇ ಸಮಾಧಾನ ಹೇಳಿದರು. ನಾನು ಎದ್ದು ಹೋಗಿ ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಇಲ್ಲಿಯ ಬೇಸಿಗೆಯಲ್ಲಿ ದೊಡ್ಡಮ್ಮ ಬಹಳ ಬೇಗ ಕೈತಪ್ಪಿ ಹೋದರು. ಆಗಸ್ಟ್‌ನಲ್ಲಿ ಅತ್ತೆಯನ್ನು ಹಾಲಿನವಳು ಎಂದುಕೊಂಡು ನಾಳೆಯಿಂದ ಅರ್ಧ ಲೀಟರ್ ಸಾಕು ಎಂದರು. ಸೆಪ್ಟೆಂಬರ್‌ನಲ್ಲಿ ಮಗನನ್ನು ಕರೆದು "ಈ ಟೀವಿ ಆರ್ಸೋ, ಆ ಹೆಂಗಸು ನನ್ನನ್ನೇ ನೋಡ್ತಾಳೆ" ಎಂದರು. ಅತ್ತೆ ಆಮೇಲೂ ದಿನಾ ಮೂರೂವರೆಗೆ ಕಾಲ್ ಮಾಡುತ್ತಿದ್ದರು. ಕರಿದ ತಿಂಡಿ ನಿಂತಿತು.

ಆಗ ನಮ್ಮ ಯಜಮಾನರಿಗೆ ಹೊಳೆದದ್ದು ಈ ಉಪಾಯ. ವಿಮಾನಗಳೆಲ್ಲ ನೆಲಕ್ಕಂಟಿದ ಕಾಲದಲ್ಲಿ ನೆಲ ಬಿಡದ ವಿಮಾನಕ್ಕೆ ಟಿಕೆಟ್ ಮಾರುವ ಒಂದು ಕಡೆ ಇತ್ತು. ನಿಜವಾದ ವಿಮಾನದ ಸೀಟುಗಳು, ನಿಜವಾದ ಗಗನಸಖಿಯರ ವೇಷ, ಆಯಾ ದೇಶದ ಊಟ, ಕೊನೆಗೆ ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಯಂತ್ರದೊಳಗೆ ಇಡೀ ಊರು. ಪ್ಯಾರಿಸ್ ಇತ್ತು, ಹವಾಯಿ ಇತ್ತು, ರೋಮ್ ಇತ್ತು. "ಅಮ್ಮಂಗೆ ಪ್ರಾಮಿಸ್ ಮಾಡಿದ್ದೆ, ರೋಮ್ ತೋರಿಸ್ತೀನಿ ಅಂತ" ಎಂದರು ಇವರು, ಕಣ್ಣಲ್ಲಿ ನೀರು ತುಂಬಿಕೊಂಡು. ಕೊಟ್ಟ ಮಾತು ಉಳಿಸಿಕೊಳ್ಳುವ ಮಗ. ಅದೇ ಎಕ್ಸೆಲ್ ಶೀಟಿನ ನಕಲು ಮಾಡಿ ರೋಮಿನ ಆರು ದಿನವನ್ನು ಒಂದು ಶನಿವಾರಕ್ಕೆ ಇಳಿಸಿದರು.

ಮಗಳು ಲಿಫ್ಟಿನಲ್ಲಿ ಪಕ್ಕದ ಮನೆಯ ಅಜ್ಜಿಗೆ, ಶನಿವಾರ ನಾವು ರೋಮಿಗೆ ಹೋಗುತ್ತಿದ್ದೇವೆ ಎಂದು ಚೊಕ್ಕ ಜಪಾನಿಯಲ್ಲಿ ಸಾರಿದಳು. ಆ ಅಜ್ಜಿ ನಗುತ್ತಲೇ ಎರಡು ಹೆಜ್ಜೆ ಹಿಂದೆ ಸರಿದರು. ಆ ಲಿಫ್ಟಿನಲ್ಲಿ ಎರಡು ಹೆಜ್ಜೆಗೆ ಜಾಗವೇ ಇಲ್ಲ. ಊರಿಗೆ ಹೋಗಿಬಂದವರು ಅಕ್ಕಪಕ್ಕಕ್ಕೆ ಒಮಿಯಾಗೆ ಎಂದು ತಿಂಡಿ ಪೊಟ್ಟಣ ಕೊಡಲೇಬೇಕಾದ ದೇಶ ಇದು. ರೋಮಿನಿಂದ ಬಂದ ಪೊಟ್ಟಣವನ್ನು ಆ ವರ್ಷ ಯಾರು ಮುಟ್ಟುತ್ತಿದ್ದರು? ನಾನು ಅಡ್ಡಬಿದ್ದು, ಸುಮಿಮಾಸೆನ್, ಅಂದರೆ ಕ್ಷಮಿಸಿ, ಅದು ಇಕೆಬುಕುರೊದ ರೋಮ್ ಎಂದು ವಿವರಿಸಬೇಕಾಯಿತು.

ಶನಿವಾರ ಅತ್ತೆ ರೇಷ್ಮೆ ಸೀರೆ ಉಟ್ಟು, ಮೇಲೆ ಸ್ವೆಟರು, ಕಾಲಿಗೆ ಸ್ನೀಕರ್, ಕಿವಿಗೆ ಹತ್ತಿ ಇಟ್ಟುಕೊಂಡು ತಯಾರಾದರು. ಕೈಚೀಲದಲ್ಲಿ ಬಿಪಿ ಮಾತ್ರೆ, ಡಬ್ಬಿಯಲ್ಲಿ ಪುಳಿಯೋಗರೆ, ಮತ್ತು ಪಾಸ್‌ಪೋರ್ಟ್.

"ಅತ್ತೆ, ಅದು ನಾಟಕದ ವಿಮಾನ. ಪಾಸ್‌ಪೋರ್ಟ್ ಯಾಕೆ?" ಎಂದೆ.

"ಬಣ್ಣ ಹಚ್ಕೊಂಡಾದ್ಮೇಲೆ ಕಿರೀಟ ಇಟ್ಕೊಳ್ಳೋಕೆ ಯಾಕಮ್ಮ ನಾಚಿಕೆ?" ಎಂದರು.

ಎಂಟನೇ ಮಹಡಿಯ ಬಾಗಿಲಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದರು, ಕೈಗೆ ಸ್ಯಾನಿಟೈಜರ್ ಸುರಿದರು, ಬೋರ್ಡಿಂಗ್ ಪಾಸ್ ಹರಿದು ಕೊಟ್ಟರು. ಒಳಗೆ ಹನ್ನೆರಡು ಸೀಟು, ಒಂದು ಬಿಟ್ಟು ಒಂದಕ್ಕೆ ಕೂರಬೇಡಿ ಎಂಬ ಚೀಟಿ. ನಮ್ಮ ಹೊರತು ಇನ್ನೊಂದು ವೃದ್ಧ ಜೋಡಿ, ಗಂಡ ಕೋಟು ಟೈ, ಹೆಂಡತಿ ಮುತ್ತಿನ ಸರ. ಅತ್ತೆಗೆ ಕಿಟಕಿ ಪಕ್ಕದ ಸೀಟು. ಕಿಟಕಿಯೆಂದರೆ ಮೋಡ ತೋರಿಸುವ ಪರದೆ. ಗಗನಸಖಿ ನೀಲಿ ಸ್ಕಾರ್ಫು, ಮಾಸ್ಕು, ಅದರ ಮೇಲೆ ಪಾರದರ್ಶಕ ಮುಖಗವಚ ಧರಿಸಿ, ನೀರಿನ ಮೇಲೆ ಇಳಿಯಬೇಕಾಗಿ ಬಂದರೆ ಲೈಫ್ ಜಾಕೆಟ್ ಊದುವುದು ಹೇಗೆಂದು ತೋರಿಸಿದಳು. ಕೆಳಗೆ ಹಲ್ಲಿನ ಡಾಕ್ಟರಿದ್ದಾರೆ, ನೀರಿಗೆ ಕೊರತೆಯಿಲ್ಲ. ನಾನೊಬ್ಬಳು ನಕ್ಕೆ. ಉಳಿದವರೆಲ್ಲ ಪ್ರಾಣ ಹೋಗುವ ವಿಷಯವೆಂಬಂತೆ ನೋಡುತ್ತಿದ್ದರು. ಸೀಟು ನಡುಗಿತು, ಸದ್ದಾಯಿತು, ಪರದೆಯಲ್ಲಿ ಟೋಕಿಯೊ ಚಿಕ್ಕದಾಯಿತು. ಕೋಟಿನ ಮುದುಕರು ಹೆಂಡತಿಯ ಕೈ ಹಿಡಿದುಕೊಂಡರು.

ಊಟ ಬಂದಾಗ ನಿಜವಾದ ಗಂಡಾಂತರ ಒದಗಿತು. ರೋಮಿನ ಊಟದಲ್ಲಿ ಸೂಪಿನಿಂದ ಹಿಡಿದು ಎಲ್ಲದರಲ್ಲೂ ಯಾವುದಾದರೊಂದು ಪ್ರಾಣಿ ಇತ್ತು. ಎಕ್ಸೆಲ್ ಶೀಟಿನಲ್ಲಿ ಅಮ್ಮನ ಮಂಡಿಗೆ ಕಾಲಮ್ಮಿತ್ತು, ಹೊಟ್ಟೆಗೆ ಇರಲಿಲ್ಲ. ಅತ್ತೆ ಸದ್ದಿಲ್ಲದೆ ಡಬ್ಬಿ ತೆಗೆದರು. ಹೊರಗಿನ ಆಹಾರ ತರುವಂತಿಲ್ಲ. ಆದರೆ ಹಿರಿಯರೊಬ್ಬರು ಉಪವಾಸ ಕೂರುವಂತೆಯೂ ಇಲ್ಲ. ಗಗನಸಖಿಯರಿಬ್ಬರು ಪರದೆಯ ಹಿಂದೆ ಹೋಗಿ ಸಭೆ ನಡೆಸಿದರು. ಮೂರನೆಯವರೊಬ್ಬರು ಬಂದರು, ಬಗ್ಗಿದರು, ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋದರು. ಐದು ನಿಮಿಷದ ಮೇಲೆ ಪುಳಿಯೋಗರೆ ಬಿಳಿ ಪಿಂಗಾಣಿ ತಟ್ಟೆಯ ನಡುವೆ ಗುಡ್ಡೆಯಾಗಿ, ಪಕ್ಕದಲ್ಲಿ ಫೋರ್ಕು, ಮೇಲೊಂದು ಪಾರ್ಸ್ಲಿ ಎಲೆ ಸಮೇತ, ಇಂದಿನ ವಿಶೇಷ ಊಟ ಎಂಬ ಘೋಷಣೆಯೊಂದಿಗೆ ಮರಳಿ ಬಂತು.

"ನಮ್ಮ ಅನ್ನ ನಮಗೇ ಬಗ್ಗಿ ಬಡಿಸಿದ್ರಲ್ಲ, ಎಷ್ಟು ಒಳ್ಳೆ ಜನ" ಎಂದು ಅತ್ತೆ ಎಲೆಯನ್ನು ಪಕ್ಕಕ್ಕಿಟ್ಟು ಪೂರ್ತಿ ತಿಂದರು.

ಆಮೇಲೆ ರೋಮ್ ಬಂತು. ಸಣ್ಣ ಮಕ್ಕಳಿಗೆ ಆ ಯಂತ್ರ ಕೊಡುವುದಿಲ್ಲವೆಂದು ಮಗಳಿಗೆ ಬಣ್ಣದ ಪುಸ್ತಕ ಕೊಟ್ಟರು. ನಾವು ಮೂವರು ಕಣ್ಣಿಗೆ ಯಂತ್ರ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆವು. ಕೊಲೊಸಿಯಂ ಸುತ್ತಲೂ ಎದ್ದಿತು. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ಜನರಿದ್ದರು, ಮಾಸ್ಕಿಲ್ಲದ ಜನ, ಒಬ್ಬರಿಗೊಬ್ಬರು ಅಂಟಿಕೊಂಡು ಐಸ್‌ಕ್ರೀಮ್ ತಿನ್ನುತ್ತಿದ್ದರು. ನನಗೆ ಕಲ್ಲಿಗಿಂತ ಅವರ ಗದ್ದಗಳನ್ನು ನೋಡಿ ಆಸೆಯಾಯಿತು. ಪಕ್ಕದಲ್ಲಿ ಅತ್ತೆ ಅಲುಗಾಡಿದಂತಾಗಿ ಯಂತ್ರ ಕಳಚಿ ನೋಡಿದೆ. ಅವರು ತಮ್ಮದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಪರದೆಯ ಮೋಡ ನೋಡುತ್ತಿದ್ದರು.

"ತಲೆ ಸುತ್ತುತ್ತಾ ಅತ್ತೆ?"

"ಇಲ್ಲ. ಜೂನಲ್ಲಿ ನಿಜವಾದ ವಿಮಾನದಲ್ಲಿ ನನಗೆ ಸೀಟು ಬಂದಿತ್ತಂತಲ್ಲ. ಅದನ್ನ ಬೇಡ ಅಂದ್ರಿ. ಈ ಸುಳ್ಳು ವಿಮಾನದಲ್ಲಿ ನೋಡು, ಕಿಟಕಿ ಪಕ್ಕಾನೇ ಕೊಡ್ಸಿದ್ದೀರಿ."

ದಾವಣಗೆರೆಯ ಆ ತಾಯಿ, ಪಾರ್ಕಿನಲ್ಲಿ ಅತ್ತೆಯ ಜೊತೆ ನಡೆಯುತ್ತಿದ್ದವರು, ದೆಹಲಿಯ ಹೋಟೆಲಿನಿಂದಲೇ ಆಗಲೇ ಅತ್ತೆಗೆ ಫೋನ್ ಮಾಡಿದ್ದರಂತೆ. ನಿಮ್ಮ ಮಗ ದೊಡ್ಡ ಮನಸ್ಸು ಮಾಡಿ ಸೀಟು ಬಿಟ್ಟುಕೊಟ್ಟರು, ಈ ಉಪಕಾರ ಸಾಯೋವರೆಗೂ ಮರೆಯುವುದಿಲ್ಲ ಎಂದು ಅತ್ತರಂತೆ. ಅಂದರೆ ನಾಲ್ಕು ತಿಂಗಳಿಂದ ಅತ್ತೆಗೆ ಗೊತ್ತಿತ್ತು. ನಾಲ್ಕು ತಿಂಗಳು ನನಗೆ ಸಾರು ಮಾಡಿ ಬಡಿಸಿದ್ದರು.

"ಕೇಳ್ಲೇ ಇಲ್ವಲ್ಲ ಅತ್ತೆ ನೀವು?"

"ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತು. ಒಂದಕ್ಕೇ ಅವನು ಇಷ್ಟು ಒದ್ದಾಡ್ತಿದ್ದಾನೆ." ಯಂತ್ರದ ಪಟ್ಟಿ ಮಡಚುತ್ತ, "ಅವನಿಗೆ ಭಯ, ಅದು ಗೊತ್ತು ನನಗೆ. ನಿನಗೇನಿತ್ತು?" ಎಂದರು.

ಸುಳ್ಳು ಹೇಳಲು ನನಗೆ ಬರುವುದಿಲ್ಲ ಎಂದೇನಿಲ್ಲ. ಆ ಹೊತ್ತಿಗೆ ಒಂದೂ ಸಿಗಲಿಲ್ಲ. "ಮಗೂನ ನೋಡ್ಕೊಳ್ಳೋಕೆ ಯಾರೂ ಇರ್ಲಿಲ್ಲ. ಕೆಲಸ ಹೋಗ್ತಿತ್ತು" ಎಂದೆ.

"ಅದನ್ನೇ ಬಾಯ್ಬಿಟ್ಟು ಕೇಳಿದ್ರೆ ನಾನೇ ಇರ್ತಿದ್ನೋ ಏನೋ. ನನ್ನನ್ನ ಕೇಳ್ಬೇಕಿತ್ತು ತಾನೆ?"

ಆಚೆ ಸೀಟಿನಲ್ಲಿ ಯಜಮಾನರು ಯಂತ್ರದೊಳಗೆ ಮುಖ ಇಟ್ಟುಕೊಂಡು, ಕತ್ತು ಹಿಂದಕ್ಕೆ ಬಾಗಿಸಿ, ಇಡೀ ವಿಮಾನಕ್ಕೆ ಕೇಳುವಂತೆ "ಅಮ್ಮಾ, ಮೇಲೆ ನೋಡು, ಮೇಲೆ! ಎಂಥಾ ಗೋಪುರ!" ಎಂದು ಕೂಗುತ್ತಿದ್ದರು. "ನೋಡ್ದೆ ಕಣೋ, ತುಂಬಾ ಚೆನ್ನಾಗಿದೆ" ಎಂದು ಅತ್ತೆ ಅವರ ಹೆಡ್‌ಫೋನಿನ ಕಿವಿಗೆ ಉತ್ತರ ಕೊಟ್ಟರು. ವಿಮಾನ ಇಳಿದಾಗ ಮುತ್ತಿನ ಸರದ ಹೆಂಗಸು ಚಪ್ಪಾಳೆ ತಟ್ಟಿದರು.

ಮನೆಗೆ ಬಂದ ಮೇಲೆ ಇವರಿಗೆ ವಿಷಯ ಹೇಳಿದೆ. ಹೋಗಿ ಕಪಾಟಿನಲ್ಲಿ ತಲೆ ಇಟ್ಟು ಕೂತವರು ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ. ಅವತ್ತು ಶನಿವಾರ, ಮೀಟಿಂಗ್ ಇರಲಿಲ್ಲ. ಸೋಮವಾರ ರಾಯಭಾರ ಕಚೇರಿಗೆ ಮತ್ತೆ ಅರ್ಜಿ ಹಾಕಿದರು. ನಾನು ನನ್ನ ಮೇಲಿನ ಸಾನ್‌ಗೆ ಒಂದು ಮೇಲ್ ಬರೆದು, ಮಗುವನ್ನು ನೋಡಿಕೊಳ್ಳಲು ಇನ್ನು ಯಾರೂ ಇರುವುದಿಲ್ಲ, ಬೆಳಗಿನ ಹೊತ್ತು ಮಾತ್ರ ಕೆಲಸ ಮಾಡಬಹುದೇ ಎಂದು ಕೇಳಿದೆ. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು, ಖಂಡಿತ ಮಾಡಿ, ಮೊದಲೇ ಹೇಳಬಾರದಿತ್ತೇ ಎಂದು. ಜೂನ್‌ನಲ್ಲಿ ಆ ಮೇಲ್ ಬರೆಯಲು ನನಗೆ ಇಪ್ಪತ್ತು ನಿಮಿಷ ಇರಲಿಲ್ಲ.

ನವೆಂಬರ್‌ನಲ್ಲಿ ಅತ್ತೆ ಹೊರಟರು. ನರಿಟಾ ವಿಮಾನ ನಿಲ್ದಾಣದಲ್ಲಿ ಅರ್ಧ ಅಂಗಡಿಗಳು ಮುಚ್ಚಿದ್ದವು. ಹಿಂದಿ ಬಾರದ ಬಿಪಿಯ ಮುದುಕಿ, ದೆಹಲಿಯ ಹೋಟೆಲಿನಲ್ಲಿ ಏಳು ದಿನ ಇದ್ದು, ಬೆಳಿಗ್ಗೆಯ ಕಾಫಿಗೆ ಸಕ್ಕರೆ ಹೆಚ್ಚೆಂದು ರೂಮ್ ಹುಡುಗನಿಗೆ ಕನ್ನಡದಲ್ಲೇ ಬೈದು ಸರಿಮಾಡಿಸಿ, ಮೈಸೂರು ಸೇರಿ, ಮನೆಯಲ್ಲಿ ಇನ್ನೆರಡು ವಾರ ಬಾಗಿಲು ಹಾಕಿಕೊಂಡಿದ್ದು, ಡಿಸೆಂಬರಿನಲ್ಲಿ ಅಕ್ಕನ ಮನೆಗೆ ಹೋದರು.

ಜಪಾನಿನಲ್ಲಿರುವ ನಾನು ದಿನಕ್ಕೆ ನಲವತ್ತು ಸಲ ಸುಮಿಮಾಸೆನ್ ಎನ್ನುತ್ತೇನೆ. ಲಿಫ್ಟಿನ ಬಾಗಿಲು ಹಿಡಿದವರಿಗೆ, ಕೊಂಬಿನಿ ಅಂಗಡಿಯಲ್ಲಿ ಚೀಲ ಬೇಡವೆನ್ನುವಾಗ, ರೈಲಿನಲ್ಲಿ ಯಾರೋ ನನ್ನ ಕಾಲು ತುಳಿದಾಗಲೂ. ಇಕೆಬುಕುರೊದಿಂದ ನರಿಟಾವರೆಗೆ ಒಂದು ತಿಂಗಳು ಅತ್ತೆ ಅದೇ ಮನೆಯಲ್ಲಿದ್ದರು. ಅವರಿಗೆ ಮಾತ್ರ ಅಂದಿರಲಿಲ್ಲ.

ಅಕ್ಕನನ್ನು ನೋಡಿದ ದಿನ ಅವರ ಫೋನ್ ಬಂದಾಗ ನಾನೊಬ್ಬಳೇ ಮೇಜಿನ ಮುಂದಿದ್ದೆ. "ಹೇಗಿದ್ದಾರೆ ಅತ್ತೆ, ದೊಡ್ಡಮ್ಮ?" ಎಂದೆ.

"ಚೆನ್ನಾಗಿದ್ದಾಳೆ. ಬಾಗಿಲಿಗೇ ಬಂದು ಕೈ ಮುಗಿದ್ಲು. ಸೆರಗಲ್ಲಿ ಕುರ್ಚಿ ಒರೆಸಿ ಕೂರ್ಸಿದ್ಲು. ಯಾರ ಮನೆಯವರು, ಎಲ್ಲಿಂದ ಬಂದ್ರಿ, ಊಟ ಮಾಡ್ಕೊಂಡೇ ಹೋಗ್ಬೇಕು ಅಂದ್ಲು. ಹೊರಡುವಾಗ ಕೈಗೆ ಎರಡು ಬಾಳೆಹಣ್ಣು ಕೊಟ್ಟು, ಈ ಕಡೆ ಬಂದಾಗೆಲ್ಲ ಬರ್ತಾ ಇರಿ ಅಂದ್ಲು. ಬೈಯ್ಲೇ ಇಲ್ಲ ಕಣಮ್ಮ."

ಆ ಕಡೆ ಆಟೋ ಒಂದು ಹೋದ ಸದ್ದಾಯಿತು. ಅತ್ತೆ ಇನ್ನೂ ಬಾಳೆಹಣ್ಣು ಹಿಡಿದು ಬೀದಿಯಲ್ಲೇ ನಿಂತಿದ್ದರೆಂದು ಕಾಣುತ್ತದೆ.

"ತಪ್ಪಾಯ್ತು ಅತ್ತೆ" ಎಂದೆ.

"ಹೂಂ, ಆಯ್ತು" ಎಂದರು. "ಮಗು ಎದ್ದಿದ್ರೆ ವಿಡಿಯೊ ಹಾಕಿ ಅವಳ ಕೈಗೆ ಫೋನ್ ಕೊಡು. ನನ್ನ ಮುಖ ಮರೆತುಬಿಟ್ಟೀತು."